ಮುತ್ತರಾಯಪ್ಪನವರ ಕಪಿಲೆ ಪದ

ಈ ಸಭೆಯ ಅಧ್ಯಕ್ಷರಾದ ನರಸಿಂಹಪ್ಪನವರೇ, ಬೇರಿಕೆಯಿಂದ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ನನ್ನ ಹತ್ತಿರ ಮಗ್ಗಿ ಕಲಿತು ಈಗ ನನಗೇ ಮೈಕು ಸರಿಮಾಡಿಕೊಟ್ಟ ಮೇಷ್ಟ್ರೇ, ಗುಮ್ಮಳಾಪುರದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಸಾಲಲ್ಲಿ ಒಬ್ಬರನ್ನೊಬ್ಬರು ಚಿವುಟುತ್ತಿರುವ ಮಕ್ಕಳೇ, ಎಲ್ಲ ಸಭಿಕರೇ,

ಶಾಲೆಯ ಹೊಸ ಕೋಣೆಗೆ ನಮ್ಮ ತಾತ ಮುತ್ತರಾಯಪ್ಪನವರ ಹೆಸರಿಟ್ಟಿದ್ದೀರಿ. ಅವರ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಜೀವಮಾನವೆಲ್ಲ ಪಾಠ ಹೇಳಿದವಳ ಕೈಗೆ ಮೈಕು ಕೊಟ್ಟು ಹತ್ತು ನಿಮಿಷ ಅನ್ನುವುದು ಅವರ ಧೈರ್ಯ!

ತಾತ ಎಂಥ ದುಡಿಮೆಗಾರ ಎಂದು ಹೇಗೆ ಹೇಳಲಿ? ನಾವು ಕಣ್ಣು ಬಿಡುವ ಹೊತ್ತಿಗೆ ಅವರು ಅರ್ಧ ಹೊಲಕ್ಕೆ ನೀರು ಹಾಯಿಸಿರುತ್ತಿದ್ದರು. ಎತ್ತುಗಳನ್ನು ಬೈಯುವುದು ತೆಲುಗಿನಲ್ಲಿ, ಸಂತೆಯಲ್ಲಿ ಚೌಕಾಸಿ ತಮಿಳಿನಲ್ಲಿ, ಪದ ಹೇಳುವುದು ಮಾತ್ರ ಕನ್ನಡದಲ್ಲಿ. ಮನೆಯವರೊಡನೆ ಯಾವ ಭಾಷೆಯಲ್ಲೂ ಹೆಚ್ಚು ಮಾತಿಲ್ಲ.

ಮಕ್ಕಳೇ, ಆಗ ಮೋಟರು ಎಲ್ಲಿತ್ತು? ಬಾವಿಗೆ ಕಪಿಲೆ ಕಟ್ಟುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಬಾವಿಯಿಂದ ತೊಗಲಿನ ಬಾನಿ ತುಂಬಿಕೊಂಡು ಮೇಲೆ ಬರುತ್ತದೆ. ಅವು ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು ಏರಿದರೆ ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಹಿಂದಕ್ಕೆ ನಡೆಯಲು ಯಾವ ಎತ್ತು ತಾನಾಗಿ ಒಪ್ಪುತ್ತದೆ? ಅದಕ್ಕೇ ಪದ. ನಮ್ಮ ಮನೆಯಲ್ಲಿ ಅದು ಇಬ್ಬರ ಪದ. ತಾತ ಬಾನಿ ಎಳೆಯುವ ಹಗ್ಗದ ಮೇಲೆ ಕೂತು ಒಂದು ಸಾಲು ಹೇಳುವರು. ಕೆಳಗೆ ಹೊಲದ ಮಡಿಗಳಿಗೆ ನೀರು ತಿರುಗಿಸುತ್ತಿದ್ದ ನಮ್ಮಪ್ಪ ಚೆನ್ನಕೇಶವ, "ಬಂತೋ ನೀರು ಬಂತೋ, ಮಡಿಗೆ ನೀರು ಬಂತೋ" ಎಂದು ಓಗೊಡುವರು. ಆ ದನಿ ಕಿವಿಗೆ ಬಿದ್ದರೇ ಎತ್ತುಗಳು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದದ್ದು. ಹಾಗೆ ರೂಢಿ ಮಾಡಿಬಿಟ್ಟಿದ್ದರು.

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆ. ಯುದ್ಧದ ಕಾಲ, ಅಂಗಡಿಯಲ್ಲಿ ಕಾಳು ಸಿಗದ ಕಾಲ. ಬಾವಿ ಕೆಳಗಿನ ರಾಗಿ ತೆನೆ ಕಟ್ಟುತ್ತಿತ್ತು. ಆಗಲೇ ನಮ್ಮಪ್ಪ ಜ್ವರ ಬಂದು ತೀರಿಹೋದರು. ನಾನು ಏಳರ ಹುಡುಗಿ, ತಮ್ಮ ತೊಟ್ಟಿಲಲ್ಲಿದ್ದ.

ಅಂಚೆಟ್ಟಿಯಿಂದ ಸೋದರಮಾವ ಕೊಂಡಪ್ಪ ಬಂದವನು ಅಮ್ಮನಿಗೆ ಹೇಳಿದ: "ಅಂಜಿ, ತಿಥಿ ಮುಗಿದೇಟಿಗೆ ಹೆಣ್ ಮಗೀನ ಕರ್ಕೊಂಡು ನಮ್ಮೂರಿಗೆ ಬಂದ್ಬುಡು. ಗಂಡ್ ಮಗ ಇಲ್ಲೇ ಇರ್ಲಿ. ಒಂಟಿ ಮುದುಕ ಇಷ್ಟು ಬಾಯಿಗೆ ಎಲ್ಲಿಂದ ತತ್ತಾನೆ?" ತಾತ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಬೇಡ ಅನ್ನಲಿಲ್ಲ. ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡವಳು ಬಿಡಲೇ ಇಲ್ಲ.

ಪೈರು ಬಾಡತೊಡಗಿತು. ಸೂತಕದ ಮನೆಯವರು ಕೆಲಸಕ್ಕೆ ಇಳಿಯುವಂತಿಲ್ಲ, ಪದದ ಮಾತಂತೂ ದೂರವೇ ಉಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ತಾತ ಎದ್ದು ಕಪಿಲೆ ಕಟ್ಟಿದರು. ನಾನು ಹಿಂದೆಯೇ ಓಡಿದೆ. ಊರ ಹಿರಿಯ ದೊಡ್ಡವೆಂಕಟಪ್ಪ ದಾರಿಯಲ್ಲೇ ನಿಂತು ಕೂಗಿದ: "ಮಗನ್ನ ಮಣ್ ಮಾಡಿ ಬಂದು ಪದ ಹೇಳ್ತೀಯೇನ್ಲಾ ಮುತ್ತರಾಯ?"

"ಪೈರಿಗೆ ಸೂತಕ ಗೊತ್ತಾಗಾಕಿಲ್ಲ ಕಣಣ್ಣ" ಅಂದರು ತಾತ.

ಪದ ಎತ್ತಿದರು. ಎತ್ತುಗಳು ಇಳಿದವು, ಬಾನಿ ಬಂತು, ನೀರು ಕಾಲುವೆಗೆ ಬಿತ್ತು. ಆಮೇಲೆ? ಆಮೇಲೆ ಎತ್ತುಗಳು ನಿಂತೇಬಿಟ್ಟವು. ಓಗೊಡುವವರು ಬೇಕಲ್ಲ! ತಾತ ತಾವೇ "ಬಂತೋ ನೀರು ಬಂತೋ" ಅಂದರು. ಅವು ಕದಲಲಿಲ್ಲ. ಇನ್ನೊಂದು ಸಲ ಅಂದರು. ಎರಡೂ ಎತ್ತು ಹೊಲದ ಕಡೆಗೇ ಕಿವಿ ಮಾಡಿಕೊಂಡು ನಿಂತಿದ್ದವು. ಎಂದೂ ಬಾರುಕೋಲು ಬೀಸದ ತಾತ ಅವತ್ತು ಕೋಲು ಎತ್ತಿದರು. ಎತ್ತಿದವರು ಹೊಡೆಯದೆ ಹಾಗೇ ಇಳಿಸಿದರು. ನನಗೆ ಅಳು ಬಂತು.

ಆಗ ಕೆಳಗಿನಿಂದ ಹೆಂಗಸಿನ ದನಿ ಬಂತು. ಬಂತೋ ನೀರು ಬಂತೋ, ಮಡಿಗೆ ನೀರು ಬಂತೋ.

ಸಭಿಕರೇ, ಅದು ನಮ್ಮಮ್ಮ. ಗಂಡ ಸತ್ತ ಹೆಂಗಸು ತಿಥಿಯವರೆಗೆ ಹೊಸ್ತಿಲು ದಾಟಬಾರದು ಅನ್ನುವ ಕಾಲ ಅದು. ಮದುವೆಯಾಗಿ ಬಂದಂದಿನಿಂದ ಮಾವನ ಎದುರು ಒಂದು ಮಾತು ಆಡಿದವಳಲ್ಲ, ಏನಿದ್ದರೂ ಬಾಗಿಲ ಮರೆಯಿಂದ ಅಜ್ಜಿಯ ಮೂಲಕ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಗುದ್ದಲಿ ಹಿಡಿದು, ಕೆಸರಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಓಗೊಟ್ಟಳು. ಎತ್ತುಗಳು ಹಿಂದಕ್ಕೆ ಹೆಜ್ಜೆ ಇಟ್ಟವು. ತಾತ ತಿರುಗಿ ನೋಡಲಿಲ್ಲ. ಮುಂದಿನ ಸಾಲು ಎತ್ತಿಕೊಂಡರು. ಕಣ್ಣೀರು ಗಡ್ಡದಿಂದ ಹಗ್ಗಕ್ಕೆ ಇಳಿಯುತ್ತಿತ್ತು, ಪದ ಮಾತ್ರ ತಪ್ಪಲಿಲ್ಲ. ನಾನು ಆಮೇಲೆ ದೊಡ್ಡ ದೊಡ್ಡ ಊರು ನೋಡಿದೆ, ದೊಡ್ಡ ದೊಡ್ಡವರನ್ನು ನೋಡಿದೆ. ಅಷ್ಟು ದೊಡ್ಡದನ್ನು ಇನ್ನೆಲ್ಲೂ ನೋಡಲಿಲ್ಲ.

ಮಧ್ಯಾಹ್ನ ಅಜ್ಜಿ ತಾತನಿಗೂ ಕೊಂಡಪ್ಪ ಮಾವನಿಗೂ ಮುದ್ದೆ ಇಕ್ಕಿದಳು. ಹೆಂಗಸರು ಉಣ್ಣುವುದು ಕೊನೆಗೆ ತಾನೇ? ಅಮ್ಮ ಒಳಗಿದ್ದಳು. ತಾತ ಮುದ್ದೆ ಮುಟ್ಟಲಿಲ್ಲ. ತಮ್ಮ ಪಕ್ಕದ ನೆಲವನ್ನು ಅಂಗೈಯಲ್ಲಿ ಒರೆಸಿ ಅಜ್ಜಿಗೆ ಹೇಳಿದರು: "ನೀರು ಕಟ್ಟಿ ಬಂದೋರು ಹಸ್ದಿರ್ತಾರೆ. ಅವಳಿಗೆ ಇಲ್ಲಿ ಇಕ್ಕು. ಅವ್ಳು ಕೂತ್ಕೊಳ್ಳೋಗಂಟ ನಾನು ಉಣ್ಣಾಕಿಲ್ಲ."

ಅಮ್ಮ ಬಂದು ಕೂತಳು. ಮಾವ ಕೊಂಡಪ್ಪ ತಿಥಿ ಮುಗಿಸಿಕೊಂಡು ಒಬ್ಬನೇ ಅಂಚೆಟ್ಟಿಗೆ ನಡೆದುಹೋದ. ನನ್ನನ್ನು ತೊಟ್ಟಿಲಿನಿಂದ ಯಾರೂ ಬಿಡಿಸಲಿಲ್ಲ.

ತಾತನ ಬಗ್ಗೆ ಮಾತಾಡಲು ಕರೆದಿರಿ, ಮಾತು ಅಮ್ಮನ ಪಾಲಾಯಿತು. ತಾತ ಇದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಗಡಿಯಾರ ನೋಡದೆ ಕೂತ ಅಧ್ಯಕ್ಷರಿಗೂ, ಚಿವುಟುವುದನ್ನು ನಿಲ್ಲಿಸಿ ಕೇಳಿದ ಮಕ್ಕಳಿಗೂ, ನಿಮ್ಮೆಲ್ಲರಿಗೂ ಮುತ್ತರಾಯಪ್ಪನ ಮೊಮ್ಮಗಳು, ಅಂಜಮ್ಮನ ಮಗಳು ಮುನಿರತ್ನಮ್ಮನ ವಂದನೆಗಳು. ನಮಸ್ಕಾರ.