ಕಡೀ ಗಂಟು

…ನಗು, ನಗು! ನಾಲ್ಕ ವರ್ಷಕ್ಕ ತಮ್ಮನ ಮಾರಿ ನೋಡಿ ನಗಾಕತ್ತೀದಿ, ಅಷ್ಟಾದ್ರೂ ಆತಲ್ಲ. ಖರೇ ಹೇಳ್ತೀನಿ ಭೀಮಕ್ಕ, ಆಟೋ ನಗರದಾಗ ಮಾಲ ಇಳಸೂತನಕ ಟೆಂಪೋದಾಗ ಕುಂತು ಉಣ್ಣಿ ದಾರ ಹೆಣೀತೀನಿ. ಹಮಾಲರು 'ಏನ್ ಬಾಯಾರ, ಕುಬಸಾ ಯಾವಾಗ್ರಿ?' ಅಂತಾರ. ಅನ್ಲಿ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಊರೂರು ತಿರಗಿದಾಂವಗ ಕೈಗೆ ಒಂದು ಕೆಲಸ ಬೇಕಲ್ಲ. ಆದ್ರ ನಂದು ಬರೇ ಮಫ್ಲರು. ಈ ಜಾಳಿ ಶಾಲು ಅವ್ವಂದು. ಅವ್ವನ ಕೈದು.

ಬಿಚ್ಚಿ ನೋಡು. ಊದಿದ್ರ ಹಾರಬೇಕು, ಹಂಗ ಹೆಣದಾಳ. ನೆಹರು ನಗರದ ದವಾಖಾನಿಯೊಳಗ ಮಂಚದ ಮ್ಯಾಲ ಕುಂತು, ದಿನಾ ಎರಡೆರಡ ಸಾಲು. 'ನಾಗ್ಯಾ, ಇದನ್ನ ಭೀಮಿಗೆ ಕೊಡು, ಕರಕೊಂಡು ಬಾ' ಅಂದ್ಲು. ಹಂಗ… ಹಂಗ ಅಂದ್ಲು.

ಚಾ ಬ್ಯಾಡ. ಆತು, ಇಡು, ಅರ್ಧಾ ಕಪ್ಪ. ನಿದ್ದಿಗೆಟ್ಟು ಕಣ್ಣ ಉರಿಯಾಕತ್ತಾವ. ಬೆಳಗಾವಿಯಿಂದ ಪಾರಿಶ್ವಾಡ ಇಷ್ಟ ದೂರ ಅಂತ ಇವತ್ತ ಅನಿಸ್ತು.

ಹಳೇದು ತಗೀಬ್ಯಾಡ ಈಗ. ಗೊತ್ತೈತಿ. ನಿನ್ನ ಮಗಳು ಸಾಕ್ಷಿ ಮದುವ್ಯಾಗ ಅವ್ವ ಹೆಣದು ಅಕಿಗೆ ಹೊದಿಸಿದ ಶಾಲಿನಾಗ ನಿನ್ನ ಬೀಗರು ಹಿತ್ತಾಳಿ ಪಾತ್ರಿ ಸುತ್ತಿ ಒಯ್ದರು. ಅವ್ವ ಊಟ ಬಿಟ್ಟು ಎದ್ದು ನಡದ್ಲು. ನೀ ಬೀಗರಿಗೂ ಒಂದ ಮಾತ ಅನ್ನಲಿಲ್ಲ, ಅವ್ವನ ಬೆನ್ನೂ ಹತ್ತಲಿಲ್ಲ… ಅಳಬ್ಯಾಡವಾ. ನಾ ಜಗಳಕ್ಕ ಬಂದಿಲ್ಲ. ಟೆಂಪೋ ಬಾಗಲದಾಗ ಐತಿ, ಇವತ್ತ ಬರಬೇಕು ನೀ. ಇವತ್ತ! ಡಾಕ್ಟರು ನಾಳಿನ ಮಾತ ಆಡವಲ್ಲರು.

ಏನ ನೋಡ್ತಿ ಮೂಲ್ಯಾಗ? ಗಂಟ? ಹೂಂ, ಗಂಟ. ಅವ್ವನ ಹಾಕ್ಯಾಳ. ಕೈ ನಡಗತಾವ ಅಲ್ಲ, ಅದಕ್ಕ ಒಂಚೂರು ದಪ್ಪ ಆಗೇತಿ.

ಹಂಗ ಯಾಕ ನೋಡ್ತಿ?

ಗಂಟಿನ ಮ್ಯಾಲ ಬೆರಳ ಆಡಸಬ್ಯಾಡವಾ…

ಮರತ ಬಿಟ್ಟೆ ಅಕ್ಕಾ. ಕಡೀ ಗಂಟ ಅವ್ವ ಯಾವತ್ತೂ ಹಾಕಿದಾಕಿ ಅಲ್ಲ. ದಾರ ಹಂಗ ಬಿಟ್ಟ ಕೊಡತಿದ್ಲು. ಹೊದ್ದಕೊಳ್ಳಾವರು ಅಕಿ ಮುಂದ ಕುಂತು ತಾವ ಹಾಕಬೇಕು. ನಿನಗೂ ಹಂಗ, ಸಾಕ್ಷಿಗೂ ಹಂಗ. ಇದು… ಇದು ತಾಡಪತ್ರಿ ಹಗ್ಗಕ್ಕ ಹಾಕೂ ಗಂಟು. ದಿನಾ ಟೆಂಪೋ ಮ್ಯಾಲ ಹಾಕಿ ಹಾಕಿ, ನನ್ನ ಕೈ ತಾನ ಹಾಕಿಬಿಡ್ತು.

ಎಲ್ಲಾ ಸಾಲೂ ನಂದ. ಮೂರ ಸಲ ಬಿಚ್ಚಿ ಹೆಣದೀನಿ. ಅವ್ವನ ಬಲಗೈ ಏಳೂದಿಲ್ಲ ಅಕ್ಕಾ, ಬಾಯೂ ಹೋಗೇತಿ. ಬಾ ಅಂತ ಅಕಿ ಅಂದಿಲ್ಲ. ಬ್ಯಾಡ ಅಂತನೂ ಅಂದಿಲ್ಲ. ಉಣ್ಣಿ ದಾರದ ಉಂಡಿ ಎಡಗೈಯಾಗ ಇಟ್ರ ಬಿಡೂದಿಲ್ಲ, ಅಷ್ಟ.

ಬೈ. ಸುಳ್ಳಾ ಅನ್ನು, ಏನರ ಅನ್ನು… ಏ, ಗಂಟಿಗೆ ಯಾಕ ಹಲ್ಲ ಹಚ್ಚಾಕತ್ತಿ? ಅದು ಬಿಚ್ಚೂದಿಲ್ಲ, ಎರಡ ಟನ್ ಮಾಲ ಹಿಡದ ಗಂಟ ಅದು… ಬಿಚ್ಚಿದೇನು?

ಸೆರಗ ಹೊತಗೊಂಡು ಎಲ್ಲಿ… ಹಾಂ, ಬರಾಕ ನಿಂತಿ.

ಚಾ ಇರ್ಲಿ, ಗ್ಯಾಸ ಆರಸು. ನಾ ಟೆಂಪೋ ತಿರುವ್ತೀನಿ. ಆ ದಾರದ ತುದಿ ಗಟ್ಟಿ ಹಿಡಕೋ ಅಕ್ಕಾ. ಬಿಟ್ಟಿ ಅಂದ್ರ ಅವ್ವನ ಕಡೆ ಮುಟ್ಟೂದ್ರಾಗ ಎಲ್ಲಾ ಬಿಚ್ಚೀತು.