ಅಟ್ಟದ ಮೇಲಿನ ಫೋನು

ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಿಳಿಗೆರೆಯ ಹೆಂಗಸೊಬ್ಬರು ಮೊಬೈಲ್ ರಿಪೇರಿಯ ಇಮ್ದಾದನನ್ನು ಕೇಳುತ್ತಿದ್ದರು.

“ಫೋನು ತಗಡಿನ ಟ್ರಂಕಲ್ಲಿಟ್ರೆ ರಿಂಗೇ ಆಗಲ್ವಾ ಇಮ್ದಾದಣ್ಣ?”

“ತಗಡು ಸಿಗ್ನಲ್ ಅಲೇನ ಒಳಕ್ಕೆ ಬಿಡಲ್ಲ ಕಣಕ್ಕ.”

“ಅಟ್ಟದಲ್ಲಿ ಕೊಬ್ಬರಿ ಕಾಯಿ ರಾಶಿಯೊಳಗೆ ಇಟ್ಟಾಗ ಆಗ್ತಿತ್ತು.”

“ಕಾಯಿ, ಗೋಡೆ ಎಲ್ಲ ದಾಟ್ಕೊಂಡು ಹೋಯ್ತದೆ. ಅಲ್ಯಾಕೆ ಇಡ್ತಿದ್ರಿ?”

“ನಮ್ಮ ಯಜಮಾನ್ರು ಅಲ್ಲೇ ಕಾಯಿ ತಿರುವ್ತಾ ತೀರ್ಕೊಂಡ್ರಲ್ಲ, ಅವರ ಫೋನು ಅದು. ನಾನು ಹಿತ್ತಲಿಂದ ರಿಂಗ್ ಕೊಟ್ರೆ, ಮಗ ಮೇಲವ್ನೆ ಅಂತ ನಮ್ಮತ್ತೆ ಉಣ್ತಾರೆ.”

“ಅವರಿಗೆ ಹೇಳಿಲ್ವಾ?”

“ಮಣ್ಣು ಹಾಕಕ್ಕೂ ಬಂದಿದ್ರು. ಬೆಳಗಾದ್ರೆ ಮರ್ತೋಯ್ತದೆ.”



“ಹಂಗಾದ್ರೆ ಮತ್ತೆ ಅಟ್ಟದಲ್ಲೇ ಇಡಿ.”

“ಕಾಯೆಲ್ಲ ಮೊನ್ನೆ ಮಾರಿದ್ವಿ. ಅಟ್ಟ ಖಾಲಿ.”

“ಖಾಲಿ ಜಾಗ ಅಲೆಗೆ ಇನ್ನೂ ಸಲೀಸು. ಅಡ್ಡ ಏನೂ ಇರಲ್ಲ.”

ಬಸ್ಸು ಬಂತು. ಆಕೆ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

“ಅದಕ್ಕೇ ಟ್ರಂಕಿಗೆ ಹಾಕಿದ್ದು ಕಣಣ್ಣ. ನಿನ್ನೆ ಖಾಲಿ ಅಟ್ಟದಲ್ಲಿ ಇಟ್ಟು ರಿಂಗ್ ಕೊಟ್ಟೆ. ಮನೆಯೆಲ್ಲ ಮೊಳಗ್ತು. ಒಳಗೆ ಬಂದು ನಾನೂ ಯಜಮಾನ್ರಿಗೆ ತಟ್ಟೆ ಹಾಕ್ಬುಟ್ಟಿದ್ದೆ.”