ಒಂದು ಮಿರ್ಚಿಯ ಖಟ್ಲೆ

ಎಂಬತ್ಮೂರನೆಯ ಇಸವಿಯ ಬೇಸಿಗೆ, ಒಂದು ಸೋಮವಾರ ಬೆಳಗಿನ ಹೊತ್ತು. ರಾಯಚೂರಿನ ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿಗೆ ಕಾದಿದ್ದ ಮುದುಕಿ ಬೂದೆಮ್ಮನ ಕಿವಿಗೆ, ಮಾನ್ವಿ ಬಸ್ಸಿನಿಂದ ಇಳಿದ ಅಣ್ಣತಂಗಿಯರ ಜಗಳ ಬಿತ್ತು. ತಂಗಿ ಗೋಪಮ್ಮನಿಗೆ ಅಂದು ವಕೀಲಿ ಪರೀಕ್ಷೆ. ಅವಳು ನೀರು ಕುಡಿದು ಬರುವಷ್ಟರಲ್ಲಿ ಪೊಟ್ಟಣದಲ್ಲಿದ್ದ ಅವಳ ಮಿರ್ಚಿ ಭಜಿ ಮಾಯವಾಗಿತ್ತು.

“ಯಣ್ಣಾ, ನೀ ಕಳ್ಳ!”

“ನೋಡು, ಮೊದಲಿಗೇ ತೀರ್ಪು! ಹೋದ ಸಲ ಹಿಂಗ ಬರದು ಫೇಲಾದಿ. ಈ ಸಲಾನೂ ಹೋದ್ರ ಅಪ್ಪ ಕಾಲೇಜು ಬಿಡಸ್ತಾನ.”

“ಮತ್ತ ಹೆಂಗ ಬರೀಲಿ?”

“ಮೊದಲು ತಕರಾರು ಏನಂತ ಹೇಳು. ಆಮ್ಯಾಲ ಕಾಯ್ದೆ. ಆ ಕಾಯ್ದೆಗೆ ನಡದದ್ದನ್ನ ಹಚ್ಚಿ ನೋಡು. ತೀರ್ಪು ಕಡೀಗೆ.”

“ಆತು. ಮಿರ್ಚಿ ತಿಂದದ್ದು ಕಳ್ಳತನ ಹೌದೋ ಅಲ್ಲೋ, ಇದು ತಕರಾರು. ಇನ್ನೊಬ್ಬರ ಕೈಯಾಗಿಂದು ಕೇಳದ ಒಯ್ದ್ರ ಕಳ್ಳತನ, ಇದು ಕಾಯ್ದೆ. ಇನ್ನ ನಡದದ್ದು... ಪೊಟ್ಣ ನಾನ ನಿನ್ನ ಕೈಯಾಗ ಕೊಟ್ಟೆ.”

ಅಣ್ಣ ಮೀಸೆ ತಿರುವಿದ.

“ಹಂಗಾದ್ರ ಕಳ್ಳ ಅಲ್ಲ. ನಾ ಬಿಡುಗಡಿ!”

“ನಿಂದ್ರು! ಹಿಡ್ಕೋ ಅಂತ ಕೊಟ್ಟೆ, ತಿನ್ನು ಅಂತಲ್ಲ. ನಂಬಿ ಕೊಟ್ಟದ್ದನ್ನ ನುಂಗಿದ್ರ ಅದಕ್ಕ ಬ್ಯಾರೆ ಕಾಯ್ದೆನ ಅದ. ನಂಬಿಕಿದ್ರೋಹ!”

“ಯವ್ವಾ, ಪಾಸಾದಿ ಬಿಡಬೇ!”

ಅಣ್ಣ ಕುಣಿದೇಬಿಟ್ಟ. ಬೂದೆಮ್ಮ ಬಾಯಿಗೆ ಸೆರಗೊತ್ತಿ ನಕ್ಕಳು. ಅವಳೂ ಮನಸ್ಸಿನಲ್ಲೇ ಅವನನ್ನು ಕಳ್ಳನೆಂದು ತೀರ್ಮಾನಿಸಿಬಿಟ್ಟಿದ್ದಳು.

“ತೀರ್ಪು ಉಳೀತಲ್ಲ, ತಂಗಿ?” ಅಣ್ಣ ಕೇಳಿದ.

“ಸಂಜಿಗೆ ಎರಡು ಪ್ಲೇಟು ಮಿರ್ಚಿ. ಈಗ ನನ್ನ ಚೀಲ ಹೊರು.”

ಆ ಸೋಮವಾರ ಗೋಪಮ್ಮ ನಗುನಗುತ್ತಲೇ ಪರೀಕ್ಷೆಗೆ ನಡೆದಳು, ಅವಳ ಹಿಂದೆ ಚೀಲ ಹೊತ್ತ ಅಪರಾಧಿ.